ಬೈರಮಂಗಲದ ಕೆರೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಡದಿಯನ್ನು ಮುಟ್ಟಿ, ಅಲ್ಲಿಂದ ಎಡಕ್ಕೆ ಹೊರಳಿದರೆ, ತೆಂಗಿನ ತೋಟಗಳನ್ನೂ ಹಿಪ್ಪುನೇರಳೆಯ ಹೊಲಗಳನ್ನೂ ದಾಟಿದ ಮೇಲೆ ದಾರಿಯು ಬೈರಮಂಗಲದ ಕೆರೆಯ ಬಳಿಗೆ ಬರುತ್ತದೆ. 1940ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ವೃಷಭಾವತಿ ನದಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ, ಸುತ್ತಣ ಗ್ರಾಮಗಳ ಗದ್ದೆಗಳಿಗೆ ನೀರುಣಿಸಬೇಕೆಂಬ ಸಂಕಲ್ಪದಿಂದ ನಿರ್ಮಿಸಿದ ಈ ಜಲಾಶಯದಲ್ಲಿ ಇಂದು ನಿಂತಿರುವ ನೀರು ಕಪ್ಪಾಗಿದೆ. ಅದು ಎತ್ತರದಿಂದ ಬೀಳುವೆಡೆಯಲ್ಲಿ ಬಿಳಿಯ ನೊರೆ ರಾಶಿ ರಾಶಿಯಾಗಿ ಎದ್ದು, ಗಾಳಿ ಬೀಸಿದಾಗ ಹಾರಿ ಬೆಳೆಯ ಮೇಲೆ ಕೂರುತ್ತದೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದಳೆಂದು ಜನರು ನಂಬಿರುವ ವೃಷಭಾವತಿಯು ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ಕೆಂಗೇರಿಯನ್ನು ಕಳೆದು, ಈ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಮೊದಲು ಇದು ಮಳೆಯನ್ನು ನಂಬಿದ ಹೊಳೆ. 1974ರಲ್ಲಿ ತೊರೆಕಾಡನಹಳ್ಳಿಯಿಂದ ಯಂತ್ರಗಳ ಬಲದಿಂದ ಸುಮಾರು 500 ಮೀಟರು ಮೇಲಕ್ಕೆತ್ತಿದ ಕಾವೇರಿಯ ನೀರು ಬೆಂಗಳೂರಿಗೆ ಬರತೊಡಗಿ, ಅಲ್ಲಿನ ಮನೆಗಳಲ್ಲಿ ಬಳಕೆಯಾಗಿ, ಚರಂಡಿಗಳ ಮೂಲಕ ಇತ್ತ ಇಳಿಯಲಾರಂಭಿಸಿದಂದಿನಿಂದ, ಹೊಳೆಯು ಕಡುಬೇಸಗೆಯಲ್ಲಿಯೂ ಬತ್ತದೆ ಹರಿಯುವಂತಾಯಿತು. ಬೈರಮಂಗಲದ ರೈತನ ಸಂಕಟದ ಮೂಲವಿರುವುದು ಇಲ್ಲಿಯೇ. ಯಾವ ನೀರು ಅವನ ಬಾವಿಯನ್ನು ಕೆಡಿಸಿತೋ ಅದೇ ನೀರು, ಬರಗಾಲದಲ್ಲಿಯೂ ತಪ್ಪದೆ, ಅವನ ಹೊಲವನ್ನು ಹಸುರಾಗಿಡುತ್ತದೆ. ಬತ್ತವನ್ನು ಬಹುಮಟ್ಟಿಗೆ ಕೈಬಿಟ್ಟ ಈ ಸೀಮೆಯವರು ಈಗ ಬೇಬಿ ಕಾರ್ನ್, ಸೀಮೆಹುಲ್ಲು, ಹಿಪ್ಪುನೇರಳೆಗಳನ್ನು ಬೆಳೆಯುತ್ತಾರೆ. ಹುಲ್ಲನ್ನು ಮೇಯ್ದ ಹಸುವಿನ ಹಾಲು ಡೇರಿಗೆ ಹೋಗುತ್ತದೆ. ಕುಡಿಯುವ ನೀರಿಗೆ ಮಾತ್ರ ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲಬೇಕಾಗಿದೆ. ಇಂತಹವರನ್ನು, ಕೊಳಚೆಯಲ್ಲಿ ಬೆಳೆ ತೆಗೆಯುತ್ತಾರೆಂದು ನಗರದವರು ದೂಷಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಈ ನೀರಿನಲ್ಲಿ ಎರಡು ಬಗೆಯ ಕಲ್ಮಷಗಳು ಬೆರೆತಿವೆಯೆಂಬುದನ್ನು ಚೆನ್ನಾಗಿ ತಿಳಿಯದೆ ಪರಿಹಾರವನ್ನು ಚಿಂತಿಸುವುದು ವ್ಯರ್ಥ. ಮನೆಗಳಿಂದ ಬರುವ ಕೊಳೆಯಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿರುತ್ತವೆ. ರೋಗಾಣುಗಳನ್ನು ನೀಗಿ ಸರಿಯಾಗಿ ಸಂಸ್ಕರಿಸಿದರೆ ಅದು ಹೊಲಕ್ಕೆ ಗೊಬ್ಬರವೇ ಆದೀತು, ಸಂಸ್ಕರಿಸದೆ ಬಿಟ್ಟರೆ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುವುದು. ಕಾರ್ಖಾನೆಗಳಿಂದ, ವಿಶೇಷವಾಗಿ ಲೋಹಕ್ಕೆ ಲೇಪ ಹಾಕುವ ಸಣ್ಣ ಘಟಕಗಳಿಂದ, ಬರತಕ್ಕ ಕ್ರೋಮಿಯಂ, ನಿಕ್ಕಲ್ ಮುಂತಾದವುಗಳ ಸ್ವಭಾವವೇ ಬೇರೆ. ಅವು ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದಿಲ್ಲ. ಕೆರೆಯ ಹೂಳಿನಲ್ಲಿ ಕುಳಿತು, ಮಣ್ಣನ್ನು ಸೇರಿ, ಸೊಪ್ಪಿಗೂ ಹುಲ್ಲಿಗೂ ಏರುತ್ತವೆ. ಮನೆಯ ಕೊಳೆಗಾಗಿ ಕಟ್ಟಿದ ಶುದ್ಧೀಕರಣ ಘಟಕವು ಅವುಗಳನ್ನು ಪೂರ್ಣವಾಗಿ ತೆಗೆಯಲಾರದಾದ್ದರಿಂದ, ಅವನ್ನು ತಡೆಯತಕ್ಕ ಸ್ಥಳವು ಕಾರ್ಖಾನೆಯ ಹೊಸ್ತಿಲೇ ಹೊರತು ಕೆರೆಯ ಏರಿಯಲ್ಲ. ಇಂತಹ ತಡೆಗೆಂದೇ ನಮ್ಮ ದೇಶದಲ್ಲಿ ಜಲಮಾಲಿನ್ಯ ನಿವಾರಣೆಯ ಕಾಯಿದೆ ಬಂದುದು, ಕಾವೇರಿಯ ನೀರು ನಗರವನ್ನು ಮುಟ್ಟಿದ ಆ 1974ರಲ್ಲಿಯೇ.

ಕೊಳಚೆಯು ಕೆರೆಗೆ ಇಳಿಯದಂತೆ ಬದಿಯಲ್ಲೊಂದು ಕಾಲುವೆಯನ್ನು ತೆಗೆದು ಅದನ್ನು ಮುಂದಕ್ಕೆ ಸಾಗಿಸುವ ಯೋಜನೆಯೂ ಹೊರಟಿತು. ಕೆರೆಗೆ ಅದರಿಂದ ಉಸಿರು ಬಂದೀತು, ನಿಜ. ಆದರೆ ಕೆಳಗಿನ ಹಳ್ಳಿಗಳಿಗೂ ಕನಕಪುರದ ಕಡೆಯ ಅರ್ಕಾವತಿಗೂ ಹೋಗಿ ಸೇರುವುದು ಅದೇ ನೀರು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬಹು ಸರಳವಾದುದು: ಕೈಗಾರಿಕಾ ಪ್ರದೇಶದ ತ್ಯಾಜ್ಯವನ್ನು ಮನೆಗಳ ಚರಂಡಿಗೆ ಸೇರಗೊಡದೆ ಬೇರೆಯೇ ಶುದ್ಧಿಮಾಡಬೇಕು, ಹೊಳೆಯು ಕೆರೆಯನ್ನು ಹೊಗುವ ಬಾಯಿಯಲ್ಲಿಯೂ ಊರಿನ ಬಾವಿಗಳಲ್ಲಿಯೂ ಪ್ರತಿ ತಿಂಗಳು ನೀರನ್ನು ಪರೀಕ್ಷಿಸಿ, ಯಾವ ಲೋಹವು ಎಷ್ಟಿದೆ, ಎಷ್ಟರ ಮಿತಿಯಲ್ಲಿರಬೇಕಾಗಿತ್ತು ಎಂಬುದನ್ನು ರೈತನು ಓದಿ ತಿಳಿಯುವಂತಹ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕು.