ಪೆಟ್ಟಿಗೆಯೊಳಗೆ ಜಾಗ ಬಿಡಿ

ಶಾಲೆಗಳಲ್ಲಿ ‘ಕಸದಿಂದ ರಸ’ ಸ್ಪರ್ಧೆ ಇಟ್ಟಾಗ ನಿವೃತ್ತ ಡ್ರಾಯಿಂಗ್ ಮಾಸ್ತರನಾದ ನನ್ನನ್ನು ತೀರ್ಪುಗಾರನಾಗಿ ಕರೆಯುವುದುಂಟು. ಬಂಗಾರದ ಬಣ್ಣ ಬಳಿದ ಬಾಟಲಿ, ಐಸ್‌ಕ್ರೀಂ ಕಡ್ಡಿಯ ಮನೆ, ಸಿ.ಡಿ.ಯ ನವಿಲು ಸಾಲಾಗಿ ಕೂತಿರುತ್ತವೆ. ಮಕ್ಕಳ ಕೈಚಳಕ ಮೆಚ್ಚುವಂಥದ್ದೇ. ಆದರೆ ನಾನು ಮನೆಯಲ್ಲಿ ಮಾಡುವ ಕೆಲಸದ ದಾರಿಯೇ ಬೇರೆ. ಅಲ್ಲಿ ಹಳೆಯದು ಹಳೆಯದೆಂದು ಗೊತ್ತಾಗಬಾರದು, ಇಲ್ಲಿ ಗೊತ್ತಾಗಲೇಬೇಕು.

ಮರದ ಸಣ್ಣ ಪೆಟ್ಟಿಗೆ, ಒಳಗೆ ನಾಲ್ಕಾರು ಹಳೆಯ ವಸ್ತು, ಮುಂದೆ ಗಾಜು. ಗೋಡೆಗೆ ತೂಗುಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನೋಡುವುದಕ್ಕೆಂದೇ ಇದನ್ನು ಮಾಡುವುದು. ಕಲಾವಿದರು ಇದನ್ನು ಅಸೆಂಬ್ಲೇಜ್ ಎನ್ನುತ್ತಾರೆ. 1912ರಲ್ಲಿ ಪಿಕಾಸೊ, ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಕರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟು, ಮರದ ಚೂರುಗಳಿಂದ ಚಿತ್ರ ಕಟ್ಟಿದ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ ಬಗೆಯ ಕೃತಿಗಳಿಗಾಗಿಯೇ ದೊಡ್ಡ ಪ್ರದರ್ಶನ ನಡೆಸಿತು.

ನನಗೆ ಹತ್ತಿರದವನು ಜೋಸೆಫ್ ಕಾರ್ನೆಲ್ (1903–1972). ಚಿತ್ರಕಲೆ ಕಲಿತವನಲ್ಲ, ಬಟ್ಟೆ ವ್ಯಾಪಾರದಲ್ಲಿ ಸೇಲ್ಸ್‌ಮನ್ ಆಗಿದ್ದವನು. ನ್ಯೂಯಾರ್ಕಿನ ಕ್ವೀನ್ಸ್‌ನ ಸಾಧಾರಣ ಮನೆಯೊಂದರಲ್ಲಿ ತಾಯಿಯನ್ನೂ ಸೆರೆಬ್ರಲ್ ಪಾಲ್ಸಿಯಿದ್ದ ತಮ್ಮನನ್ನೂ ನೋಡಿಕೊಳ್ಳುತ್ತ ಬದುಕಿದ. ಹಳೇ ಪುಸ್ತಕದಂಗಡಿ, ಅಗ್ಗದ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕಿದ್ದನ್ನು ಕೂಡಿಟ್ಟು ಪೆಟ್ಟಿಗೆ ಮಾಡಿದ. 1936ರ ಒಂದು ಪೆಟ್ಟಿಗೆಯಲ್ಲಿ ಇರುವವುಗಳಲ್ಲಿ ಕೆಲವು: ಚಂದ್ರನ ನಕ್ಷೆ, ಮಣ್ಣಿನ ಕೊಳವೆ, ಗಾಜಿನ ಲೋಟದಲ್ಲೊಂದು ಮೊಟ್ಟೆ, ಗೊಂಬೆಯ ತಲೆ. ಕೊಳವೆ ಮಕ್ಕಳು ಸೋಪಿನ ಗುಳ್ಳೆ ಊದುವಂಥದ್ದು. ಅದನ್ನು ನೋಡಿ ಚಂದ್ರನನ್ನು ನೋಡಿದರೆ ಗುಳ್ಳೆ ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ.

ವಸ್ತುವಿನ ಗುರುತನ್ನು ಅಳಿಸದೆ ಉಳಿಸಿಕೊಳ್ಳುವ ಬುದ್ಧಿ ನಮ್ಮ ಕಡೆಯೂ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ. ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ಚೂರು ಯಾರ ಸೀರೆ, ಯಾರ ಅಂಗಿ ಎಂಬುದು ಮನೆಯವರಿಗೆ ಹಾಗೇ ಗುರುತು ಸಿಗುತ್ತದೆ.

ನಮ್ಮಪ್ಪ ದರ್ಜಿ. ಅವರ ಹೆಸರಿನಲ್ಲೊಂದು ಪೆಟ್ಟಿಗೆ ಮಾಡಿದ್ದೇನೆ. ಹಿಂಬದಿಗೆ ಅವರ ಬಿಲ್ ಬುಕ್ಕಿನ ಹಾಳೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಎದೆ, ತೋಳು, ಉದ್ದದ ಅಳತೆ. ನಡುವಿಗಿಂತ ತುಸು ಮೇಲೆ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುತ್ತಿದ್ದ ಅಂಗುಸ್ತಾನ ದಾರದಲ್ಲಿ ತೂಗುತ್ತದೆ. ಅದರ ಒಂದು ಮಗ್ಗುಲು ಸವೆದು ನುಣುಪಾಗಿದೆ. ಕೆಳಗಿನ ಮೂಲೆಯಲ್ಲಿ ಮೂರು ಗುಂಡಿ. ಉಳಿದದ್ದು ಖಾಲಿ. ಕತ್ತರಿ ಇಡಲಿಲ್ಲ, ಇಟ್ಟಿದ್ದರೆ ಟೇಲರ್ ಅಂಗಡಿಯ ಶೋಕೇಸ್ ಆಗುತ್ತಿತ್ತು. ಪಕ್ಕದ ಮನೆಯ ಅವ್ವ ಬಹಳ ಹೊತ್ತು ನೋಡಿ, “ಮಾಸ್ತರ, ಈ ಅಳತಿ ಯಾರದ್ರೀ?” ಅಂದರು. ನನಗೂ ಗೊತ್ತಿಲ್ಲ. ಆ ಪ್ರಶ್ನೆ ಹುಟ್ಟಿದರೆ ಪೆಟ್ಟಿಗೆ ಗೆದ್ದಂತೆ.

ಮಾಡುವ ಬಗೆ ಸುಲಭ. ಮುರಿದ ಮೇಜಿನ ಖಾನೆಯೇ ಪೆಟ್ಟಿಗೆ. ಮೂರು ಇಂಚು ಆಳ ಸಾಕು. ಹಿಂಬದಿಯ ಕಾಗದ ತೀರಾ ಬೆಳ್ಳಗಿದ್ದರೆ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ. ಮೈದಾ ಅಂಟು ಕಾಯಿಸುವಾಗ ಬೈಂಡರ್‌ಗಳಂತೆ ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಹಿಡಿಯದು. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಲೋಹದ ವಸ್ತುವನ್ನು ಅಂಟಿಸಬೇಡಿ. ಹಲಗೆಗೆ ಎರಡು ತೂತು ಕೊರೆದು ತೆಳು ತಾಮ್ರದ ತಂತಿಯಲ್ಲಿ ಬಿಗಿದರೆ ಗಟ್ಟಿ, ಬೇಕೆಂದಾಗ ಬಿಚ್ಚಲೂಬಹುದು. ಅಂಟಿಸುವ ಮುನ್ನ ವಸ್ತುಗಳನ್ನು ಕೆಲವು ದಿನ ಸುಮ್ಮನೆ ಪೆಟ್ಟಿಗೆಯಲ್ಲಿಟ್ಟು, ಹೋಗುತ್ತ ಬರುತ್ತ ನೋಡಿ. ತೆಗೆದರೂ ಕೊರತೆ ಕಾಣದ ವಸ್ತುವನ್ನು ತೆಗೆದೇಬಿಡಿ. ಬಣ್ಣ, ವಾರ್ನಿಷ್, ಮಿನುಗುಪುಡಿ ಯಾವುದೂ ಬೇಡ. ನೇರ ಬಿಸಿಲು ಬೀಳುವ ಗೋಡೆಯೂ ಬೇಡ, ಕಾಗದ ಮಾಸುತ್ತದೆ.

ಕಾರ್ನೆಲ್ ತೀರಿಕೊಂಡ 1972ರಲ್ಲೇ, ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಮಕ್ಕಳಿಗಾಗಿ ಅವನ ಪ್ರದರ್ಶನ ನಡೆದಿತ್ತು. ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿಸಿ ತೂಗುಹಾಕಿದ್ದರು. ನೀವೂ ಹಾಗೇ ಮಾಡಿ. ಮೊದಲ ಪೆಟ್ಟಿಗೆಗೆ ಗಾಜೊಂದನ್ನು ಬಿಟ್ಟು ಬೇರೇನನ್ನೂ ಅಂಗಡಿಯಿಂದ ತರಬೇಡಿ. ಬೇಕಾದದ್ದೆಲ್ಲ ನಿಮ್ಮ ಅಟ್ಟದಲ್ಲೇ ಇದೆ.