ಮಾಸ್ಕ್ ಕಳಚಿದ ಮೇಲಿನ ರಾತ್ರಿ

‘ರೀ, ಆ ಕಡೆ ತಿರುಗಿ ಮಲಗಿ’ ಎಂದು ಮೊಣಕೈಯಿಂದ ತಿವಿಯುವುದೇ ಗೊರಕೆಗೆ ಮನುಷ್ಯರು ಕಂಡುಕೊಂಡ ಅತ್ಯಂತ ಹಳೆಯ ಉಪಕರಣವಿರಬೇಕು. ಅದು ಎಷ್ಟೋ ಜನರಲ್ಲಿ ಕೆಲಸವನ್ನೂ ಮಾಡುತ್ತದೆ. ಅಂಗಾತ ಮಲಗಿದಾಗ ಸಡಿಲಗೊಂಡ ನಾಲಿಗೆಯ ಬುಡ ಮತ್ತು ಮೆದು ಅಂಗುಳ ತಮ್ಮ ಭಾರಕ್ಕೇ ಗಂಟಲಿನ ಹಿಂಬದಿಗೆ ಕುಸಿಯುತ್ತವೆ. ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿ ಅವನ್ನು ಅದುರಿಸಿದರೆ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಮೌನ. ಆ ಮೌನ ಹತ್ತು ಸೆಕೆಂಡು ಮುಟ್ಟಿದರೆ ವೈದ್ಯರ ಭಾಷೆಯಲ್ಲಿ ಅದು ಆಪ್ನಿಯಾ. ಪೂರ್ತಿ ನಿಂತ ಉಸಿರು, ಅರೆಬರೆಯಾದ ಉಸಿರು ಎರಡನ್ನೂ ಕೂಡಿಸಿ ಗಂಟೆಗೆ 5ರಿಂದ 15 ತಡೆಗಳಿದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ ಎಂದು ವಿಂಗಡಿಸುತ್ತಾರೆ. ಜಗತ್ತಿನಲ್ಲಿ 30ರಿಂದ 69 ವರ್ಷದ 93 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಇದೆಯೆಂಬುದು 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು. ನಮ್ಮ ಮನೆಗಳಲ್ಲಿ ಮಾತ್ರ ಜೋರು ಗೊರಕೆ ಇನ್ನೂ ಗಾಢ ನಿದ್ದೆಯ ಗುರುತು. ಹೊಡೆಯುವವರನ್ನು ಕುಂಭಕರ್ಣನೆಂದು ನಕ್ಕು ಸುಮ್ಮನಾಗುತ್ತೇವೆ. ಕುಂಭಕರ್ಣನಾದರೂ ಆರು ತಿಂಗಳು ಸರಿಯಾಗಿ ಮಲಗುತ್ತಿದ್ದ. ಇವರ ನಿದ್ದೆ ನಿಮಿಷ ನಿಮಿಷಕ್ಕೂ ಹರಿಯುತ್ತಿರುತ್ತದೆ.

ಇದಕ್ಕೆ ಖಚಿತ ಪರಿಹಾರವೆಂದು ಹೆಸರಾದ ಸಿಪ್ಯಾಪ್ ಯಂತ್ರ ಹುಟ್ಟಿದ್ದು 1980ರಲ್ಲಿ, ಸಿಡ್ನಿಯಲ್ಲಿ. ಕಾಲಿನ್ ಸುಲಿವನ್ ಎಂಬ ವೈದ್ಯರು ವ್ಯಾಕ್ಯೂಮ್ ಕ್ಲೀನರಿನ ಮೋಟರಿನಿಂದ ಗಾಳಿಯನ್ನು ಹೀರುವ ಬದಲು ಊದಿಸಿ, ಮೂಗಿನ ಮೂಲಕ ಗಂಟಲಿಗೆ ಹಾಯಿಸಿ, ಕುಸಿಯುವ ದಾರಿಯನ್ನು ಗಾಳಿಯ ಒತ್ತಡದಿಂದಲೇ ತೆರೆದಿಟ್ಟರು. ಇವತ್ತಿಗೂ ಉಸಿರಿನ ತಡೆಗಳನ್ನು ಅದರಷ್ಟು ತಗ್ಗಿಸುವ ಇನ್ನೊಂದು ಸಾಧನವಿಲ್ಲ. ಆದರೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರ ಅಟ್ಟ ಸೇರುವುದೂ ಅಷ್ಟೇ ಸಾಮಾನ್ಯ. ಮಾಸ್ಕಿನ ಬಿಗಿ, ಒಣಗುವ ಬಾಯಿ, ಹೊರಳಿದರೆ ಎಳೆಯುವ ಕೊಳವೆ, ನಮ್ಮಲ್ಲಿ ಇದರ ಜೊತೆಗೆ ಕರೆಂಟ್ ಹೋಗುವ ರಾತ್ರಿಗಳು. ರಾತ್ರಿಗೆ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿ ಹಾಕಿಕೊಂಡರೆ ‘ನಿಯಮಿತ ಬಳಕೆ’ ಎಂದು ತಜ್ಞರೇ ಒಪ್ಪಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಮೂವತ್ತೈದಕ್ಕೇ ಪಾಸು ಮಾಡುತ್ತಿದ್ದ ನಮ್ಮ ಔದಾರ್ಯದಂತೆ! 2016ರಲ್ಲಿ ಪ್ರಕಟವಾದ ‘ಸೇವ್’ ಎಂಬ ದೊಡ್ಡ ಪ್ರಯೋಗ ಭಾರತವೂ ಸೇರಿ ಏಳು ದೇಶಗಳಲ್ಲಿ, ಆಗಲೇ ಹೃದಯದ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ಮಂದಿಯನ್ನು ವರ್ಷಗಟ್ಟಲೆ ಗಮನಿಸಿತು. ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಯಂತ್ರವೇ ನಿಷ್ಪ್ರಯೋಜಕ ಎಂದು ತೀರ್ಮಾನಿಸುವ ಮೊದಲು ಅದೇ ವರದಿಯ ಇನ್ನೊಂದು ಅಂಕಿಯನ್ನು ನೋಡಬೇಕು: ಅವರು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಸಾಧನವನ್ನು ತೂಗಬೇಕಾದದ್ದು ಅದು ಮೈಮೇಲಿದ್ದಾಗ ಏನು ಮಾಡುತ್ತದೆ ಎಂಬುದರಿಂದಲ್ಲ, ಇಡೀ ರಾತ್ರಿಯ ಲೆಕ್ಕದಿಂದ. ಗಂಟೆಗೆ 30 ತಡೆಗಳಿರುವ ಒಬ್ಬರು ಏಳು ಗಂಟೆ ಮಲಗುತ್ತಾರೆ ಎನ್ನೋಣ. ಸಿಪ್ಯಾಪ್ ಅದನ್ನು 3ಕ್ಕೆ ಇಳಿಸುತ್ತದೆ, ಆದರೆ ಅರ್ಧ ರಾತ್ರಿಗೆ ಮಾಸ್ಕ್ ಕಳಚಿಬಿಡುತ್ತಾರೆ, ಸರಾಸರಿ ಹದಿನಾರೂವರೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಾಯಿಯೊಳಗಿನ ಸಾಧನ ತಡೆಗಳನ್ನು ಅರ್ಧಕ್ಕೆ, ಅಂದರೆ 15ಕ್ಕೆ ಮಾತ್ರ ಇಳಿಸುತ್ತದೆ, ಆದರೆ ಆರೂವರೆ ಗಂಟೆ ಬಾಯಲ್ಲೇ ಇರುತ್ತದೆ, ಸರಾಸರಿ ಹದಿನಾರು. ಪ್ರಯೋಗಾಲಯದಲ್ಲಿ ಅಜಗಜಾಂತರವಿದ್ದ ಎರಡು ಸಾಧನಗಳು ಹಾಸಿಗೆಯಲ್ಲಿ ಸಮಸಮ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದ ಕಡೆಗೆ. ಆಗ ಸ್ನಾಯುಗಳು ಇನ್ನಷ್ಟು ಸಡಿಲವಾಗಿ ಅನೇಕರಲ್ಲಿ ಉಸಿರಿನ ತಡೆ ಹೆಚ್ಚುತ್ತದೆ. ನಡುರಾತ್ರಿ ಮಾಸ್ಕ್ ತೆಗೆದಿಟ್ಟವರು ಕಾವಲನ್ನು ಕಳ್ಳರು ಬರುವ ಹೊತ್ತಿಗೇ ಮನೆಗೆ ಕಳಿಸಿದಂತೆ.

ಇದು ಬರೀ ಕಾಗದದ ಮೇಲಿನ ಗಣಿತವಲ್ಲ. 2013ರಲ್ಲಿ ಪ್ರಕಟವಾದ ಸಿಡ್ನಿಯ ಸಂಶೋಧಕರ ಪ್ರಯೋಗದಲ್ಲಿ 108 ಮಂದಿ ಒಂದೊಂದು ತಿಂಗಳು ಎರಡನ್ನೂ ಬಳಸಿದರು. ಸುಮಾರು 26 ಇದ್ದ ತಡೆಗಳು ಸಿಪ್ಯಾಪ್‌ನಲ್ಲಿ 4.5ಕ್ಕೆ, ದವಡೆಯ ಸಾಧನದಲ್ಲಿ 11ಕ್ಕೆ ಇಳಿದವು. ಬಳಕೆ ಮಾತ್ರ ತಿರುಗುಮುರುಗು: ಮೊದಲನೆಯದು 5.2 ಗಂಟೆ, ಎರಡನೆಯದು 6.5. ರಕ್ತದೊತ್ತಡದ ಮೇಲಿನ ಪರಿಣಾಮದಲ್ಲಿ ದವಡೆಯ ಸಾಧನ ಹಿಂದೆ ಬೀಳಲಿಲ್ಲ. ಇಲ್ಲಿ ತಕರಾರು ಎತ್ತುವವರಿಗೆ ಜಾಗವಿದೆ. ಸಿಪ್ಯಾಪ್‌ನ ಗಂಟೆಗಳನ್ನು ಎಣಿಸಿದ್ದು ಯಂತ್ರ. ಇನ್ನೊಂದರ ಗಂಟೆಗಳನ್ನು ಹೇಳಿದ್ದು ರೋಗಿಗಳೇ. ದಿನಾ ಹಲ್ಲಿನ ನಡುವೆ ದಾರ ಎಳೆಯುತ್ತೇವೆಂದು ದಂತವೈದ್ಯರಿಗೆ ಹೇಳುವವರೂ ನಾವೇ ಅಲ್ಲವೇ? ಆದರೆ ಅದೇ ವರ್ಷ ಬೆಲ್ಜಿಯಂನ ಸಂಶೋಧಕರು ಸಾಧನದೊಳಗೆ ಬಾಯಿಯ ಬಿಸಿಯನ್ನು ದಾಖಲಿಸುವ ಪುಟ್ಟ ಚಿಪ್ ಹುದುಗಿಸಿ 51 ಮಂದಿಯನ್ನು ಮೂರು ತಿಂಗಳು ನೋಡಿದರು. ಚಿಪ್ ಕೂಡ ಹೇಳಿದ್ದು ಸರಾಸರಿ 6.6 ಗಂಟೆ.

ಹಾಗೆಂದು ಸರಳವಾದದ್ದೆಲ್ಲ ಒಳ್ಳೆಯದೆಂದಲ್ಲ. ಇದೇ ಲೆಕ್ಕವನ್ನು ಉಳಿದವಕ್ಕೂ ಹಚ್ಚಿದರೆ ಬಹುಪಾಲು ಉದುರಿಹೋಗುತ್ತವೆ. ಮೂಗಿನ ಮೇಲೆ ಅಂಟಿಸುವ ಪಟ್ಟಿ ಮೂಗನ್ನು ಅರಳಿಸುತ್ತದೆ, ಕುಸಿಯುವುದು ಗಂಟಲು. ಕೆಲವು ಪ್ರಯೋಗಗಳಲ್ಲಿ ಅದನ್ನು ಬಳಸಿರುವುದೇ ಹುಸಿ ಚಿಕಿತ್ಸೆಯಾಗಿ. ಗಲ್ಲಕ್ಕೆ ಕಟ್ಟುವ ಪಟ್ಟಿಯನ್ನು ಪರೀಕ್ಷಿಸಿದಾಗ ತಡೆಗಳಿರಲಿ, ಗೊರಕೆಯೂ ಕಡಿಮೆಯಾಗಲಿಲ್ಲ. ಬಾಯಿಗೆ ಟೇಪ್ ಅಂಟಿಸಿಕೊಳ್ಳುವ ಈಚಿನ ಹುಚ್ಚಂತೂ ಮೂಗು ಕಟ್ಟಿದವರಿಗೆ ನೇರ ಅಪಾಯ. ಬೆನ್ನಿಗೆ ಟೆನಿಸ್ ಚೆಂಡು ಕಟ್ಟಿ ಅಂಗಾತ ಮಲಗದಂತೆ ಮಾಡುವ ಉಪಾಯ ತತ್ತ್ವದಲ್ಲಿ ಸರಿ: ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಂಗಾತ ಮಲಗಿದಾಗಲೇ ತೊಂದರೆ ದುಪ್ಪಟ್ಟು. ಆದರೆ 2009ರ ಆಸ್ಟ್ರೇಲಿಯದ ಅಧ್ಯಯನದಲ್ಲಿ ಸುಮಾರು ಎರಡೂವರೆ ವರ್ಷದ ಬಳಿಕ ಚೆಂಡನ್ನು ಬಿಡದೆ ಕಟ್ಟಿಕೊಳ್ಳುತ್ತಿದ್ದವರು ಶೇ 6 ಮಾತ್ರ. ಅಂಗಾತ ಹೊರಳಿದಾಗ ಮೆಲ್ಲಗೆ ಕಂಪಿಸುವ ಈಗಿನ ಬೆಲ್ಟುಗಳು ಅದೇ ತತ್ತ್ವದ ಸಹಿಸಬಲ್ಲ ರೂಪ. ಇನ್ನು, ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದ ಕೊಳಲನ್ನು ನಾಲ್ಕು ತಿಂಗಳು ಊದಿಸಿ ಗಂಟಲಿನ ಸ್ನಾಯುಗಳನ್ನು ಬಲಪಡಿಸಿದ ಸ್ವಿಸ್ ಪ್ರಯೋಗವೂ ಉಂಟು. ಆಡಿಕೊಳ್ಳುವವರು 2017ರಲ್ಲಿ ಅದಕ್ಕೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು. ಫಲ ಮಾತ್ರ ನಗೆಪಾಟಲಿನದಲ್ಲ, ಗಂಟೆಗೆ ಸುಮಾರು 6 ತಡೆಗಳು ಕಡಿಮೆಯಾದವು. ಪಕ್ಕದ ಮನೆಯವರ ನಿದ್ದೆಯ ಲೆಕ್ಕ ವರದಿಯಲ್ಲಿಲ್ಲ.

ಕಡಿಮೆ ಬೆಲೆಯ ದವಡೆಯ ಸಾಧನಗಳ ಬಗ್ಗೆ ದಂತವೈದ್ಯರಿಗೆ ಸಕಾರಣವಾದ ಅನುಮಾನವಿದೆ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥವು ಸಡಿಲವಾಗಿ ರಾತ್ರಿ ಕಳಚಿಬೀಳುತ್ತವೆ. ಆದರೂ 2014ರಲ್ಲಿ ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್ ಆಸ್ಪತ್ರೆಯ ತಂಡ ಸೌಮ್ಯ ಮತ್ತು ಮಧ್ಯಮ ತೊಂದರೆಯ 90 ಮಂದಿಯ ಮೇಲೆ ಮೂರು ದರ್ಜೆಯ ಸಾಧನಗಳನ್ನು ಹೋಲಿಸಿದಾಗ ಮೂರೂ ತಡೆಗಳನ್ನು ಶೇ 26ರಿಂದ 36ರಷ್ಟು ಇಳಿಸಿದವು. ಖರ್ಚಿಗೆ ತಕ್ಕ ಫಲ ಕೊಟ್ಟದ್ದು ಅತಿ ದುಬಾರಿಯದೂ ಅಲ್ಲ, ಅತಿ ಅಗ್ಗದ್ದೂ ಅಲ್ಲ, ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು ಕಳಿಸಿ ಮಾಡಿಸಿಕೊಳ್ಳುವ ನಡುವಿನದು. ಹಲ್ಲುಸೆಟ್ ಹಾಕಿದವರಿಗೆ, ಹಲ್ಲು ಸಡಿಲವಾದವರಿಗೆ ಇವು ಯಾವುದೂ ಒಗ್ಗುವುದಿಲ್ಲ. ದವಡೆಯ ಕೀಲುನೋವು, ವರ್ಷಗಳ ಮೇಲೆ ಹಲ್ಲುಗಳು ಜರುಗುವುದು ಒಗ್ಗಿದವರಲ್ಲೂ ಕಾಣಿಸಬಹುದು.

ನಿಜವಾಗಿ ತೂಕದ ಆಕ್ಷೇಪ ಬೇರೆ. ಗಂಟೆಗೆ 60 ತಡೆಗಳಿರುವವರಿಗೆ ನನ್ನ ಗಣಿತ ಹೊಂದುತ್ತದೆಯೇ? ಲೆಕ್ಕ ಹೊಂದುತ್ತದೆ, ಸಲಹೆ ಹೊಂದುವುದಿಲ್ಲ. ಅರ್ಧಕ್ಕಿಳಿದರೂ ಉಳಿಯುವುದು 30, ಅದು ಇನ್ನೂ ತೀವ್ರದ ಅಂಚು. ಸಿಪ್ಯಾಪ್‌ನ ಕೊರತೆ ಗಂಟೆಗಳದು. ಮಾಸ್ಕ್ ಬದಲಿಸಿ, ಗಾಳಿಗೆ ತೇವ ಕೂಡಿಸಿ, ಮೊದಲ ವಾರಗಳಲ್ಲಿ ಯಾರಾದರೂ ಜೊತೆಗೆ ನಿಂತರೆ ಅದನ್ನು ತುಂಬಿಸಬಹುದು. ದವಡೆಯ ಸಾಧನದ ಕೊರತೆ ಅದರ ಮಿತಿಯದು. ಎಷ್ಟು ಹೊತ್ತು ಹಾಕಿಕೊಂಡರೂ ಆ ಮಿತಿ ದಾಟುವುದಿಲ್ಲ. ಆದ್ದರಿಂದ ತೀವ್ರ ತೊಂದರೆಯವರು, ಅದರಲ್ಲೂ ರಾತ್ರಿ ಲಾರಿ, ಬಸ್ಸು ಓಡಿಸುವವರು, ಮೊದಲು ಯಂತ್ರದ ಜೊತೆಗೇ ಹೆಣಗಬೇಕು. ಅದು ಸಾಗದಿದ್ದಾಗ ಬರಿಗೈಯಲ್ಲಿ ಬಿಡುವುದಕ್ಕಿಂತ ದವಡೆಯ ಸಾಧನವೇ ವಾಸಿ.

ಯಾವುದನ್ನೇ ಆರಿಸಿದರೂ ಅದನ್ನು ಹಾಕಿಕೊಂಡೇ ಇನ್ನೊಂದು ರಾತ್ರಿ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಿನ ತಡೆಗಳನ್ನು ಎಣಿಸುವ ಪರೀಕ್ಷೆ, ಆಗಬೇಕು. ಮತ್ತೆ ಯಾಕೆ ಖರ್ಚು, ಗೊರಕೆ ನಿಂತಿದೆಯಲ್ಲ ಎಂಬುದು ಸಾಮಾನ್ಯ ಮಾತು. ಅಂಗುಳದ ಅದುರುವಿಕೆ ನಿಂತ ಮಾತ್ರಕ್ಕೆ ನಾಲಿಗೆಯ ಬುಡ ಕುಸಿಯುವುದು ನಿಂತಿತೆಂದಲ್ಲ. ಪಕ್ಕದಲ್ಲಿ ಮಲಗಿದವರಿಗೆ ಎರಡು ಬಗೆಯ ಮೌನವೂ ಒಂದೇ ಥರ ಕೇಳುತ್ತದೆ. ಈಗ ಬೆರಳಿಗೂ ಮೂಗಿಗೂ ಸಣ್ಣ ಸೆನ್ಸರ್ ಹಾಕಿ ಮನೆಯಲ್ಲೇ ಮಾಡುವ ಪರೀಕ್ಷೆ ಇದೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ತಂತಿಗಳ ನಡುವೆ ಮಲಗಿ ಬರುವುದಕ್ಕಿಂತ ಅದಕ್ಕೆ ಖರ್ಚು ಕಡಿಮೆ. ಮೊದಲ ಪರೀಕ್ಷೆಯಲ್ಲೇ ಉಸಿರಿನ ತಡೆ ಇಲ್ಲ, ಇರುವುದು ಬರೀ ಗೊರಕೆ ಎಂದು ಗೊತ್ತಾದವರಿಗೆ ಮಾತ್ರ ಎರಡನೆಯದು ಬೇಡ; ಅಲ್ಲಿ ಪಕ್ಕದವರ ಕಿವಿಯೇ ಸಾಕು.