ಸೈಲೆನ್ಸರಿಗೆ ಬೆಸೆದ ತಗಡನ್ನು ಬಿಡಿಸುವುದು ಹೇಗೆ?

ಹಳೆಯ ಕಾರು ಸ್ಟಾರ್ಟ್ ಆದ ಕೂಡಲೇ ಅಡಿಯಿಂದ ‘ಝರ್‌ರ್’ ಎಂದು ತಗಡಿನ ಸದ್ದು. ಆಕ್ಸಿಲರೇಟರ್ ತುಸು ಒತ್ತಿದರೆ ನಿಲ್ಲುತ್ತದೆ. ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಮತ್ತೆ ಶುರು. ಎಂಜಿನ್ ಕೈಕೊಟ್ಟಿತು ಎಂದು ಗಾಬರಿಯಾಗಬೇಡಿ. ಬಹಳಷ್ಟು ಸಲ ಇದು ಹೀಟ್ ಶೀಲ್ಡಿನ ಸದ್ದು. ಹೀಟ್ ಶೀಲ್ಡ್ ಎಂದರೆ ಸೈಲೆನ್ಸರ್ ಕೊಳವೆಯ ಶಾಖ ಕಾರಿಗೆ ತಟ್ಟದಂತೆ ಅಡ್ಡ ಹಿಡಿಯುವ ತೆಳು ತಗಡು. ಡೊಂಬಿವಲಿ, ಕಲ್ಯಾಣದ ಗ್ಯಾರೇಜುಗಳಲ್ಲಿ ‘ಪತ್ರಾ’ ಎಂದರೆ ಸಾಕು, ತಿಳಿಯುತ್ತದೆ.

ಈ ತಗಡಿಗೆ ಅಷ್ಟೇನು ಮಹತ್ವ? ಎಂಜಿನ್ನಿನಿಂದ ಹೊಗೆ ಮೊದಲು ಬರುವುದು ಮ್ಯಾನಿಫೋಲ್ಡಿಗೆ. ಅದು ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೆಡೆ ಕೂಡಿಸುವ ಎರಕದ ಕವಲುಕೊಳವೆ. ಏರಿನಲ್ಲಿ, ಹೆದ್ದಾರಿಯಲ್ಲಿ ಅದು 600 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕೊಳವೆಗೂ ತಗಡಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಿರುತ್ತಾರೆ. ಕೊಳವೆಯ ಝಳವನ್ನು ತಗಡು ಹಿಂದಕ್ಕೆ ತಳ್ಳುತ್ತದೆ, ನಡುವೆ ಹರಿಯುವ ಗಾಳಿ ಉಳಿದ ಶಾಖವನ್ನು ಹೊತ್ತೊಯ್ಯುತ್ತದೆ. ನಿಜವಾದ ಕೆಲಸ ಮಾಡುವುದು ಆ ಖಾಲಿ ಜಾಗ. ತಗಡು ಬಾಗಿ ಕೊಳವೆಗೆ ತಾಗಿದರೆ ಇದ್ದೂ ಇಲ್ಲದಂತೆ.

ಸ್ಪೋರ್ಟ್ಸ್ ಕಾರಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಕಾರು ತಗ್ಗು, ಒಳಗೆ ಜಾಗ ಕಡಿಮೆ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ನಿಮ್ಮ ಸೀಟು ಎಲ್ಲವೂ ಸೈಲೆನ್ಸರಿನಿಂದ ಗೇಣು ದೂರದಲ್ಲೇ ಇರುತ್ತವೆ. ಎಂಜಿಬಿಯಂಥ ಬ್ರಿಟಿಷ್ ಕಾರಿನಲ್ಲಿ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಸಾಧನ, ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಕೂತಿರುತ್ತದೆ. ನಮ್ಮ ದೇಶದಲ್ಲೇ ತಯಾರಾದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ನೆನಪಿದೆಯೇ? 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಜೋಡಿಸಿದ ಕಾರು. 1149 ಸಿಸಿಯ ರೆನೋ ಎಂಜಿನ್, ಮೈಯೆಲ್ಲ ಫೈಬರ್‌ಗ್ಲಾಸ್. ಇಂಥ ಮೈ ಜೋರು ಶಾಖ ತಟ್ಟಿದರೆ ಕಬ್ಬಿಣದಂತೆ ತಡೆಯುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತದೆ. ಫೈಬರ್ ಮೈಯ ಕಾರಿದ್ದವರು ತಗಡಿನ ವಿಷಯದಲ್ಲಿ ಉಡಾಫೆ ಮಾಡಬಾರದು.

ಹಾಗಾದರೆ ಈ ತಗಡನ್ನು ಬೋಲ್ಟ್ ಹಾಕದೆ ಬೆಸೆದದ್ದೇಕೆ? ಕಾರ್ಖಾನೆಗೆ ಅದು ಅಗ್ಗ, ಬೇಗ ಮುಗಿಯುವ ಕೆಲಸ. ತೊಂದರೆ ಗೊತ್ತಾಗುವುದು ಇಪ್ಪತ್ತು ಮೂವತ್ತು ವರ್ಷದ ಮೇಲೆ. ಎರಡು ಲೋಹ ಅಂಟಿದ ಕಡೆ ನೀರು ನಿಂತು ಬೆಸುಗೆಯ ಸುತ್ತಲೇ ತುಕ್ಕು ಹಿಡಿಯುತ್ತದೆ. ನಮ್ಮ ಕಡೆಯ ನಾಲ್ಕು ತಿಂಗಳ ಮಳೆ, ವಾಶಿ ಐರೋಳಿಯ ಖಾಡಿಯ ಉಪ್ಪುಗಾಳಿ ಸಾಲದೆಂಬಂತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಬೇರೆ. 2014ರಲ್ಲಿ ಹಸಿರು ಬಣ್ಣದ ಮಳೆ ಸುರಿದದ್ದನ್ನು ಕಂಡ ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಖ್ಯ ಪ್ರಶ್ನೆ: ತಗಡನ್ನು ತೆಗೆಯಲೇಬೇಕೆ? ಕಾರು ಪೂರ್ತಿ ತಣ್ಣಗಿರುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಒಂದೇ ಮೂಲೆ ಅಲುಗಾಡುತ್ತಿದ್ದರೆ ಉದ್ದನೆಯ ಸ್ಟೀಲ್ ಹೋಸ್ ಕ್ಲಿಪ್ಪನ್ನು ಕೊಳವೆ, ತಗಡು ಎರಡನ್ನೂ ಸುತ್ತಿ ಬಿಗಿದರೆ ಸದ್ದು ನಿಲ್ಲುತ್ತದೆ. ನೂರಿನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು. ತಗಡು ಜರಡಿಯಂತಾಗಿದ್ದರೆ, ಇಲ್ಲವೇ ಅದರ ಹಿಂದಿನ ಕೊಳವೆ ತೂತಾಗಿ ರಿಪೇರಿಗೆ ಕೈ ಹೋಗುತ್ತಿಲ್ಲ ಎಂದಾದರೆ ಮಾತ್ರ ಬಿಡಿಸುವ ಮಾತು.

ಕೆಲಸವನ್ನು ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಮಾತ್ರ ಮಾಡಿಸಬೇಡಿ. ಸುತ್ತ ಹತ್ತಾರು ಗಾಡಿಗಳ ಪೆಟ್ರೋಲ್ ಟ್ಯಾಂಕು, ಮೇಲೆ ಮನೆಗಳು, ಇತ್ತ ಗ್ರೈಂಡರಿನ ಕಿಡಿ. ಗ್ಯಾರೇಜಿಗೇ ಹೋಗಿ.

ಅಲ್ಲಿ ಮೊದಲು ಕಾರು ತಣಿಯಬೇಕು. ಹಿಂದಿನ ರಾತ್ರಿಯೇ ಬಿಟ್ಟು ಬಂದರೆ ಒಳ್ಳೆಯದು. ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡ್ ಕೊಡಬೇಕು, ಚಕ್ರಕ್ಕೆ ಅಡ್ಡಗಟ್ಟೆ ಇಡಬೇಕು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರನ್ನೂ ನುಗ್ಗಲು ಬಿಡಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಸಾಧ್ಯವಿದ್ದರೆ ಸೈಲೆನ್ಸರ್ ಕೊಳವೆಯನ್ನೇ ಕಾರಿನಿಂದ ಬಿಚ್ಚಿ ಹೊರಗೆ ತರಿಸಿ. ಕೆಲಸ ಹೆಚ್ಚೆನಿಸಿದರೂ ಇದೇ ಸರಿಯಾದ ದಾರಿ. ಪೆಟ್ರೋಲ್ ಪೈಪಿನ ಪಕ್ಕ ಕಿಡಿ ಹಾರಿಸುವ ಪ್ರಮೇಯವೇ ಇರುವುದಿಲ್ಲ, ಕೈಯೂ ಸಲೀಸಾಗಿ ಆಡುತ್ತದೆ. ಜಂಗು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಬೇಕು. ಮರುದಿನ ಮೊದಲು ತುಸು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಒಮ್ಮೆಗೇ ಜಗ್ಗಿದರೆ ಸ್ಟಡ್ಡು, ಅಂದರೆ ನಟ್ಟು ಕೂರುವ ಬೋಲ್ಟು, ಮುರಿದು ಮ್ಯಾನಿಫೋಲ್ಡಿನಲ್ಲೇ ಉಳಿಯುತ್ತದೆ, ಅದನ್ನು ತೆಗೆಯುವುದು ಮತ್ತೊಂದು ದಿನದ ಕೆಲಸ.

ತಂತಿ ಬ್ರಶ್ಶಿನಿಂದ ಉಜ್ಜಿದರೆ ಬೆಸುಗೆ ಕಾಣಿಸುತ್ತದೆ. ಅದರಲ್ಲಿ ಎರಡು ಬಗೆ. ಅಂಚಿನುದ್ದಕ್ಕೂ ಬೊಟ್ಟಿನಷ್ಟು ದುಂಡಗಿನ ಗುಳಿಗಳಿದ್ದರೆ ಅದು ಸ್ಪಾಟ್ ವೆಲ್ಡ್, ಅಂದರೆ ಚುಕ್ಕಿ ಬೆಸುಗೆ. ಗುಳಿಯ ನಡುವೆ ಪಂಚ್ ಹೊಡೆದು, ಅದಕ್ಕಿಂತ ಚೂರು ದೊಡ್ಡ ಡ್ರಿಲ್ ಬಿಟ್ಟನ್ನು ನಿಧಾನ ವೇಗದಲ್ಲಿ ಓಡಿಸಬೇಕು. ಕೊರೆಯಬೇಕಾದ್ದು ಮೇಲಿನ ತಗಡನ್ನು ಮಾತ್ರ. ಅದು ಮುಗಿದ ಗಳಿಗೆಯಲ್ಲಿ ಗುಳಿಯ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ಉಂಗುರ ಕಾಣುತ್ತದೆ, ಡ್ರಿಲ್ಲಿನ ಸದ್ದೂ ತುಸು ದಪ್ಪವಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ತಗಡಿನಡಿ ತೆಳು ಪಟ್ಟಿ ತೂರಿಸಿ ಮೆಲ್ಲಗೆ ಮೀಟಿದರೆ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಬಗೆ ಗೆರೆ ಬೆಸುಗೆ, ಅಂಚಿಗೆ ಹುಳದಂತೆ ಕೂತಿರುವಂಥದ್ದು. ಇಲ್ಲಿ ಗ್ರೈಂಡರ್ ಬೇಕು, ಒಂದು ಮಿಲಿಮೀಟರ್ ದಪ್ಪದ ಕಟಿಂಗ್ ವೀಲ್ ಬೇಕು. ಬೆಸುಗೆಯ ಮೇಲೇ ಕತ್ತರಿಸಲು ಹೋಗುವುದು ಸಾಮಾನ್ಯ ಎಡವಟ್ಟು. ಬೆಸುಗೆಯಿಂದ ಮೂರು ನಾಲ್ಕು ಮಿಲಿಮೀಟರ್ ಆಚೆ, ಬರೀ ತಗಡನ್ನು ಕತ್ತರಿಸಿ ಎತ್ತಿಬಿಡಿ. ಉಳಿದ ಅಂಚನ್ನು ಫ್ಲ್ಯಾಪ್ ಡಿಸ್ಕಿನಿಂದ, ಅಂದರೆ ಪಾಲಿಶ್ ಕಾಗದದ ಎಸಳುಗಳಿರುವ ಚಕ್ರದಿಂದ, ಸ್ವಲ್ಪ ಸ್ವಲ್ಪವೇ ತೀಡಿಸಿ. ಬೆಸುಗೆಯ ತೆಳು ಪದರ ಕೊಳವೆಯ ಮೇಲೆ ಉಳಿದರೆ ನಷ್ಟವಿಲ್ಲ. ಸೈಲೆನ್ಸರ್ ಕೊಳವೆಯ ಗೋಡೆ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್ ಅಷ್ಟೇ. ನೋಟ ಚೆಂದವಾಗಲೆಂದು ನುಣ್ಣಗೆ ಉಜ್ಜಿದರೆ ಗೋಡೆಯೇ ಸವೆಯುತ್ತದೆ.

“ಉಳಿ, ಸುತ್ತಿಗೆ ಸಾಕು, ಐದು ನಿಮಿಷದ ಕೆಲಸ” ಎನ್ನುವ ಮಿಸ್ತ್ರಿಗಳೂ ಸಿಗುತ್ತಾರೆ. ಮ್ಯಾನಿಫೋಲ್ಡ್ ಎರಕದ್ದು, ಏಟು ಬಿದ್ದರೆ ಸೀಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಳೆಯುವ ಡಬ್ಬಿ, ಇದ್ದರೆ ಅದರೊಳಗಿನ ಪಿಂಗಾಣಿಯ ಜೇನುಗೂಡು ಪುಡಿಯಾಗುತ್ತದೆ. ಮುಂಬಯಿಯಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದದ್ದು 1995ರಲ್ಲಿ. ಅದಕ್ಕೂ ಹಳೆಯ ದೇಶಿ ಕಾರಿನಲ್ಲಿ ಇರಲಿಕ್ಕಿಲ್ಲ. ಕಾರಿನ ಅಡಿಯಲ್ಲಿ ಗ್ಯಾಸ್ ಕಟರ್ ಹಚ್ಚುತ್ತೇನೆಂದರೆ ಬೀಗದ ಕೈ ವಾಪಸು ತೆಗೆದುಕೊಂಡು ಬನ್ನಿ.

ಒಂದು ಎಚ್ಚರಿಕೆ ಇದೆ. ಹಳೆಯ ತಗಡು ಎರಡು ಪದರದ್ದಾಗಿ, ನಡುವೆ ಬೂದು ಬಣ್ಣದ ನಾರು ಕಂಡರೆ ಗ್ರೈಂಡರ್ ನಿಲ್ಲಿಸಿ. ಹಿಂದೆ ಇಂಥ ಕಡೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶ ಸೇರಿದರೆ ಹತ್ತಾರು ವರ್ಷ ಕಳೆದು ಕ್ಯಾನ್ಸರ್ ಬರಬಹುದು. ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ತೆಗೆದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಸಿ. ಗಾಳಿ ಪೈಪಿನಿಂದ ಧೂಳು ಊದಿಸಲೇಬಾರದು. ಆಸ್ಬೆಸ್ಟಾಸ್ ಇಲ್ಲದಿದ್ದರೂ ಕನ್ನಡಕ, ಎನ್-95 ಮಾಸ್ಕ್ ಇರಲಿ.

ತೆಗೆದು ಹಾಗೇ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಚಳಿಯ ದೇಶದಲ್ಲಿ ನಡೆದೀತೇನೋ. ಏಪ್ರಿಲ್ ಮಧ್ಯಾಹ್ನ ಠಾಣೆ–ಬೇಲಾಪುರ ರಸ್ತೆಯಲ್ಲಿ ಅರ್ಧ ಗಂಟೆ ತೆವಳಿದರೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುತ್ತದೆ, ಪಂಪಿಗೆ ಪೆಟ್ರೋಲ್ ಸಿಗದೆ ಎಂಜಿನ್ ನಿಲ್ಲುತ್ತದೆ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಭಯ ಬೇರೆ. ಆದ್ದರಿಂದ ಹೊಸ ತಗಡು ಬೇಕೇ ಬೇಕು, ಈ ಸಲ ಬೋಲ್ಟ್ ಹಾಕಿದ್ದು. ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಹಳೆಯದರ ಅಳತೆಗೆ ಬಗ್ಗಿಸಿ, ಕೊಳವೆಗೆ ಹಾಕಿದ ಪಟ್ಟಿ ಕ್ಲಾಂಪಿನ ಮೇಲೆ ಹತ್ತು ಮಿಲಿಮೀಟರ್ ಎತ್ತರದ ಬುಷ್, ಅಂದರೆ ಲೋಹದ ಬಳೆ, ಇಟ್ಟು ಬಿಗಿದರೆ ಗಾಳಿಯ ಜಾಗ ತಾನೇ ಉಳಿಯುತ್ತದೆ. ಜಿಐ, ಅಂದರೆ ಸತು ಲೇಪಿಸಿದ ತಗಡು ಬೇಡ, ಬಿಸಿಗೆ ಸತು ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಕೊಳವೆಗೆ ಬ್ಯಾಂಡೇಜಿನಂತೆ ಸುತ್ತುವ ಪಟ್ಟಿಯೂ ಮಾರುಕಟ್ಟೆಯಲ್ಲಿದೆ. ನಮ್ಮ ಮಳೆಗೆ ಅದು ನೀರು ಹೀರಿಕೊಂಡು ಕೊಳವೆಯನ್ನೇ ತಿನ್ನುತ್ತದೆ. ನಾನಂತೂ ಬೇಡ ಎನ್ನುತ್ತೇನೆ.

ಖರ್ಚು ಅಂದಾಜಿಗೆ ಹೀಗಿದೆ. ಬಿಡಿಸುವ ಕೂಲಿ ಐನೂರರಿಂದ ಸಾವಿರದೈನೂರು, ಹೊಸ ತಗಡು ಮಾಡಿ ಕೂರಿಸಲು ಮತ್ತೆ ಒಂದೆರಡು ಸಾವಿರ. ಸ್ಟಡ್ಡು ಮುರಿದರೆ ಲೆಕ್ಕ ಬೇರೆ, ಮೊದಲೇ ಮಾತಾಡಿಕೊಳ್ಳಿ. ತಗಡು ಕತ್ತರಿಸಿ ಬಗ್ಗಿಸುವ ಫ್ಯಾಬ್ರಿಕೇಶನ್ ಶೆಡ್ಡುಗಳು ಠಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ನವಿ ಮುಂಬಯಿಯ ರಬಾಳೆ–ಮಹಾಪೆ ಕಡೆ ಸಿಗುತ್ತವೆ. ಕಲ್ಯಾಣದ ಪ್ರೀಮಿಯರ್ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಪೆಜೊ 309 ಕಾರು ತಯಾರಾಗುತ್ತಿತ್ತು. ಹಾಗಾಗಿ ಈ ಭಾಗದಲ್ಲಿ ಹಳೆ ಕಾರು ಬಲ್ಲ ಹಿರಿಯ ಮಿಸ್ತ್ರಿಗಳನ್ನು ವಿಚಾರಿಸಿದರೆ ಸಿಕ್ಕಾರು. ಹಳೆಯ ಬಿಡಿಭಾಗಕ್ಕೆ ಮುಂಬಯಿಯ ಕುರ್ಲಾ ಮಾರುಕಟ್ಟೆ ಇದ್ದೇ ಇದೆ.

ಕಿತ್ತ ತಗಡನ್ನು ಭಂಗಾರಿಗೆ ಕೊಡುವ ಮೊದಲು ಯೋಚಿಸಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಶುಲ್ಕ 20,000 ರೂಪಾಯಿ. ಅಂಥ ಆಸೆಯಿದ್ದರೆ ಆಸ್ಬೆಸ್ಟಾಸ್ ಇಲ್ಲದ ತಗಡನ್ನು ಎತ್ತಿಡಿ, ಬಿಚ್ಚುವ ಮುಂಚಿನ ಫೋಟೊ ಕೂಡ ಇರಲಿ.

ಕೊಳವೆ ಮತ್ತೆ ಕೂರಿಸಿದ ಮೇಲೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ, ಉಜ್ಜಿದ ಕಡೆಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಅಲ್ಲಿ ತೂತಿದೆ, ಮುಚ್ಚಿಸದೆ ಕಾರು ಹೊರಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಕ್ಯಾಬಿನ್ ಸೇರಿದರೆ ಗೊತ್ತೇ ಆಗುವುದಿಲ್ಲ. ಮೊದಲ ಓಟದಲ್ಲಿ ತಗಡಿನ ಎಣ್ಣೆ ಸುಟ್ಟು ತುಸು ಹೊಗೆ ಬರುವುದು ಸಹಜ, ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲುತ್ತದೆ. ಪೆಟ್ರೋಲ್ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿ, ಬಿಸಿಗೆ ಹಿಗ್ಗಿ ಕುಗ್ಗಿ ಅವು ಸಡಿಲವಾಗಿರುತ್ತವೆ.